ಮೂರು ಗಂಟೆಗೆ ಕಡಿದುಹೋಗುವ ಲೈನು

ಗೇಟಿನ ಚಿಲಕ ತೆಗೆಯುವ ಮೊದಲೇ ವೈರಕ್ಕನಿಗೆ ಬೈಗುಳ ಕೇಳಿಸಿತು. ಬೈಗುಳ ಅವಳಿಗಲ್ಲ. ಮಹಡಿ ಮೆಟ್ಟಿಲ ತುದಿಯಲ್ಲಿ ಊರುಗೋಲು ಹಿಡಿದು ನಿಂತಿದ್ದ ಹೆಂಗಸೊಬ್ಬರು ಕೆಳಮನೆಯ ಬಾಗಿಲಿನತ್ತ ನೋಡುತ್ತ, "ಇವತ್ತು ಆಫೀಸಿಂದಾನೇ ಜನ ಬರ್ತಿದಾರೆ. ಎಲ್ಲರ ಬಣ್ಣಾನೂ ಬಯಲಾಗುತ್ತೆ" ಎನ್ನುತ್ತಿದ್ದರು. ಬಾಗಿಲು ಮುಚ್ಚಿಯೇ ಇತ್ತು. ಆದರೆ ಒಳಗಿಂದ ಯಾರೋ ಅದಕ್ಕೆ ಉತ್ತರವೆಂಬಂತೆ ಪಾತ್ರೆಯೊಂದನ್ನು ಬೇಕೆಂದೇ ಜೋರಾಗಿ ಕುಕ್ಕಿದರು.

ವೈರಕ್ಕ ಎನ್ನುವುದು ಅವಳ ಹೆಸರಲ್ಲ. ನೆಲದಡಿಯ ನೀರಿನ ಕೊಳವೆಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರುಗಳ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವಳು. ವೈರು ಎಳೆಯುವ ಅಕ್ಕ ಎಂದು ಯಾರೋ ಕರೆದದ್ದಕ್ಕೆ, "ವೈರಲ್ಲಪ್ಪ, ವೈರ. ಎಲ್ಲರ ಮೇಲೂ ವೈರ ಕಟ್ಟಿಕೊಂಡಿರೋ ಅಕ್ಕ" ಎಂದು ಮುದ್ರಣ ವಿಭಾಗದ ಆಪರೇಟರ್ ತಿದ್ದಿದ್ದ. ಆ ನಗೆಯ ಜೊತೆಗೆ ಹೆಸರೂ ಅಂಟಿಕೊಂಡಿತು. ಅವಳೂ ಅದನ್ನು ಅಳಿಸಲು ಹೋಗಲಿಲ್ಲ. ಅವಳ ಫೋನಿಗೆ ಯಾರೂ ಕುಶಲ ವಿಚಾರಿಸಲು ಕರೆ ಮಾಡುತ್ತಿರಲಿಲ್ಲ. ಏನಾದರೂ ಕೆಟ್ಟಾಗ ಮಾಡುತ್ತಿದ್ದರು, ಅವಳೇ ಎದ್ದು ಹೋಗಿ ತಂತಿ ಕಿತ್ತಿದ್ದಾಳೇನೋ ಎನ್ನುವ ಧಾಟಿಯಲ್ಲಿ ಮಾತಾಡುತ್ತಿದ್ದರು. ಅವಳೂ ಅದೇ ಧಾಟಿಯಲ್ಲಿ ತಿರುಗಿಸಿ ಕೊಡುತ್ತಿದ್ದಳು.

ಊರುಗೋಲಿನ ಹೆಂಗಸನ್ನು ಕಚೇರಿಯಲ್ಲಿ ನಕ್ಷೆ ಮೇಡಂ ಎನ್ನುತ್ತಿದ್ದರು. ಐವತ್ತು ದಾಟಿದವರು, ಮದುವೆಯಾದವರಲ್ಲ. ಇಡೀ ಊರಿನ ಕೊಳವೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಕವಲೊಡೆಯುತ್ತವೆ ಎನ್ನುವುದು ಅವರಿಗೆ ಬಾಯಿಪಾಠ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಪಡೆದಿದ್ದರು. ಅವರ ದೊಡ್ಡ ಕಂಪ್ಯೂಟರು ಕಚೇರಿಯ ಮೇಜಿನ ಮೇಲೆ ಹಗಲೂ ರಾತ್ರಿ ಚಾಲೂ ಇರುತ್ತಿತ್ತು. ಇವರು ಮನೆಯ ಲ್ಯಾಪ್‌ಟಾಪಿನಿಂದ ಇಂಟರ್ನೆಟ್ ಲೈನಿನ ಮೂಲಕ ಅದರ ಪರದೆಯನ್ನು ತಮ್ಮ ಮುಂದೆ ತರಿಸಿಕೊಂಡು ಅದರಲ್ಲೇ ನಕ್ಷೆ ಬರೆಯುತ್ತಿದ್ದರು. ಒಂಬತ್ತು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಮೂರು ವಾರದ ಹಿಂದೆ ಶುರುವಾಯಿತು. ಮಧ್ಯಾಹ್ನ ಮೂರರ ಸುಮಾರಿಗೆ ಪರದೆ ಮರಗಟ್ಟಿದಂತೆ ನಿಂತು, ಆಮೇಲೆ ಕಪ್ಪಾಗುತ್ತಿತ್ತು. ಅರ್ಧ ಗಂಟೆಗೋ ಒಂದು ಗಂಟೆಗೋ ತಾನಾಗಿ ಬರುತ್ತಿತ್ತು. ಅಷ್ಟು ಹೊತ್ತೂ ಕೆಲಸ ನಿಂತೇ ಇರುತ್ತಿತ್ತು.

ಅವರು ಮೊದಲ ಸಲ ಫೋನ್ ಮಾಡಿದ ದಿನ ವೈರಕ್ಕ ಮ್ಯಾನೇಜರ್ ಕೈಲಿ ಎಲ್ಲರೆದುರಿಗೆ ಬೈಸಿಕೊಂಡು ಬಂದು, ಊಟದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಳು.

"ನಿಮ್ಮ ಮನೇಲಿ ಯಾರ್ಯಾರು ಇದೀರಿ?" ಎಂದು ಕೇಳಿದ್ದಳು.

"ಮೇಲೆ ನಾನು. ಕೆಳಗೆ ತಮ್ಮ, ಅವನ ಹೆಂಡತಿ. ಒಂದೇ ಲೈನು, ಪೆಟ್ಟಿಗೆ ಅವರ ಹಾಲ್‌ನಲ್ಲಿದೆ."

"ತಮ್ಮ ಎಷ್ಟೊತ್ತಿಗೆ ಮನೆಗೆ ಬರ್ತಾರೆ?"

"ಬಸ್ ಓಡಿಸ್ತಾನೆ. ಬೆಳಗಿನ ಪಾಳಿ. ಎರಡೂವರೆಗೆಲ್ಲಾ ಬಂದುಬಿಡ್ತಾನೆ."

"ಮತ್ತೆ ಇನ್ನೇನು ಮೇಡಂ? ಬಂದವರು ಆಫ್ ಮಾಡಿ ಮಲಗ್ತಿರ್ಬೇಕು. ನಿಮ್ಮನಿಮ್ಮಲ್ಲೇ ಮಾತಾಡಿ ಸರಿಮಾಡ್ಕೊಳ್ಳಿ. ಮನೆ ಜಗಳ ಆಫೀಸಿಗೆ ತರಬೇಡಿ."

ದೂರಿನ ಎದುರು 'ಮನೆಯ ಕಡೆಯ ದೋಷ' ಎಂದು ಬರೆದು ಡಬ್ಬಿಯ ಮುಚ್ಚಳ ತೆಗೆದಿದ್ದಳು. ಎಲ್ಲ ಸೇರಿ ಮೂರು ನಿಮಿಷದ ಮಾತು.

ಆಮೇಲೆ ಎರಡು ಸಲ ಬಂದ ಕರೆಗೂ ಅದೇ ಉತ್ತರ ಕೊಟ್ಟಳು. ನಾಲ್ಕನೆಯದು ನೇರವಾಗಿ ಮ್ಯಾನೇಜರಿಗೆ ಹೋಯಿತು. ಮನೆಯಿಂದ ಕೆಲಸ ಮಾಡುವುದೆಂದರೆ ಆ ಮನುಷ್ಯನಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಕಣ್ಣೆದುರು ಕೂರದವರು ಕೆಲಸ ಮಾಡುತ್ತಾರೆಂದು ಅವನು ನಂಬುತ್ತಲೇ ಇರಲಿಲ್ಲ. ವೈರಕ್ಕನನ್ನು ಕರೆಸಿ, "ಹೋಗಿ ನೋಡ್ಕೊಂಡು ಬಾ. ದೋಷ ಮನೆ ಕಡೇದು ಅಂತ ಎರಡು ಸಾಲು ಬರೆದು ನನ್ನ ಕೈಗೆ ಕೊಡು. ಸೋಮವಾರದಿಂದ ಆಫೀಸಿಗೇ ಬನ್ನಿ ಅಂತೀನಿ. ಆಗದಿದ್ರೆ ಅವರ ದಾರಿ ಅವರಿಗೆ" ಎಂದ.

"ನೋಡಿದ ಮೇಲೆ ತಾನೇ ಬರೆಯೋದು?"

"ನೋಡೋಕೇನಿದೆ? ನೀನೇ ಮೂರು ಸಲ ಬರೆದಿದೀಯಲ್ಲ."

ಅದು ನಿಜವೇ ಆಗಿತ್ತು. ಅದಕ್ಕೇ ವೈರಕ್ಕ ಬಾಯಿ ಮುಚ್ಚಿಕೊಂಡು ಚೀಲ ಎತ್ತಿಕೊಂಡಿದ್ದಳು.

ನಕ್ಷೆ ಮೇಡಂ ಅವಳನ್ನು ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಕೂತುಕೊಳ್ಳಿ ಎನ್ನಲಿಲ್ಲ. ಕಿಟಕಿಗೆ ಬೆನ್ನು ಮಾಡಿ ಹಾಕಿದ ಮೇಜು, ಲ್ಯಾಪ್‌ಟಾಪಿಗೆ ಜೋಡಿಸಿದ ಅಗಲವಾದ ಪರದೆ, ಕುರ್ಚಿಯ ಮೇಲೆ ಸೊಂಟಕ್ಕೆಂದು ಎರಡು ದಿಂಬು. ನೆಲದಲ್ಲಿ ಕೊರೆದ ತೂತಿನಿಂದ ನೀಲಿ ಕೇಬಲ್ಲೊಂದು ಮೇಲೆ ಬಂದು ಗೋಡೆಗುಂಟ ಮೇಜಿನ ತನಕ ಹೋಗಿತ್ತು. ಕೇಬಲ್ಲಿಗೆ ಒಂದಡಿಗೊಂದರಂತೆ ಅಚ್ಚುಕಟ್ಟಾಗಿ ಮೊಳೆ ಹೊಡೆದಿದ್ದರು.

"ಇದನ್ನ ಎಳೆದವರು ಯಾರು?"

"ಅವನೇ. ಆಗ ಚೆನ್ನಾಗಿದ್ದ" ಎಂದರು ಮೇಡಂ. ಆಮೇಲೆ ಒಂದು ನೋಟ್‌ಬುಕ್ ತೆರೆದು ಅವಳ ಮುಂದೆ ಹಿಡಿದರು. "ಓದ್ಕೊಳ್ಳಿ. ದಿನ, ಗಂಟೆ, ನಿಮಿಷ. ಮೂರು ಐದು, ಮೂರು ಎಂಟು, ಎರಡು ಐವತ್ತೊಂಬತ್ತು. ಅವನು ಮನೆ ಹೊಕ್ಕು ಊಟ ಮಾಡಿ ಕೈ ತೊಳೆಯೋ ಹೊತ್ತು ಸರಿಯಾಗಿ."

ವೈರಕ್ಕ ಹಾಳೆಯ ಮೇಲೆ ಬೆರಳಾಡಿಸಿದಳು. "ಈ ಸೋಮವಾರ ಏನೂ ಬರೆದಿಲ್ಲ."

"ಸೋಮವಾರ ಹೋಗಲಿಲ್ಲ. ಅವತ್ತು ಏನೋ ಒಳ್ಳೆ ಬುದ್ಧಿ ಬಂದಿರ್ಬೇಕು ಅವನಿಗೆ."

"ಅವರನ್ನ ಕೇಳಿದ್ರಾ ನೀವು?"

"ಕೇಳದೆ ಇರ್ತೀನಾ? ಮೊದಲ ದಿನಾನೇ ಕೇಳಿದೆ. ನಾನು ಮುಟ್ಟೇ ಇಲ್ಲ ಅಕ್ಕ ಅಂದ. ಮುಟ್ಟದೆ ತಾನಾಗಿ ಹೋಗುತ್ತೇನೋ, ಆಫೀಸಿನ ನೆಟ್‌ವರ್ಕಿನವರೇ ಹೇಳಿದಾರೆ ನೀನು ಆಫ್ ಮಾಡ್ತೀಯ ಅಂತ, ಅವರೇನು ಸುಳ್ಳು ಹೇಳ್ತಾರಾ ಅಂದೆ." ಮೇಡಂ ನೋಟ್‌ಬುಕ್ ಮುಚ್ಚಿದರು. "ನೀವೇ ತಾನೇ ಅವತ್ತು ಮಾತಾಡಿದ್ದು? ದನಿ ಗುರುತು ಸಿಕ್ತು."

"ನಾನೇ" ಎಂದಳು ವೈರಕ್ಕ.

ಅಲ್ಲಿಂದ ಮೇಡಂ ಮೂರು ವಾರದ ಕಥೆಯನ್ನು ಒಂದೇ ಉಸಿರಿಗೆ ಹೇಳಿದರು. ತಮ್ಮನ ಹೆಂಡತಿ ಮೆಟ್ಟಿಲ ಬಳಿ ನಿಂತು, ಗಂಡ ಇಲ್ಲ, ಮಕ್ಕಳಿಲ್ಲ, ಹೊತ್ತು ಹೋಗಲ್ಲ, ಅದಕ್ಕೇ ನಮ್ಮ ಸಂಸಾರಕ್ಕೆ ಹುಳಿ ಹಿಂಡ್ತಾರೆ ಎಂದಿದ್ದಳಂತೆ. ಪಕ್ಕದ ಮನೆಯವರು ಕೇಳಿಸಿಕೊಳ್ಳಲೆಂದೇ ಹೇಳಿದ್ದಂತೆ. ಅದಕ್ಕೆ ಇವರು ತಮ್ಮನ ಮುಖಕ್ಕೆ ಹೊಡೆದಂತೆ, ಅಮ್ಮ ಮೂರು ತಿಂಗಳು ಹಾಸಿಗೆ ಹಿಡಿದಾಗ ಒಂದು ದಿನ ಬಳಿ ಕೂತೆಯಾ, ಸಾಯೋ ಹೊತ್ತಿಗೂ ಬರಲಿಲ್ಲ, ನಿನ್ನಂಥವನು ಲೈನು ಕೀಳೋದು ಯಾವ ದೊಡ್ಡದು ಎಂದರಂತೆ. ಅವತ್ತಿನಿಂದ ಅವನು ಮೇಲೆ ಹತ್ತಿಲ್ಲ. ಅಂಗಡಿ ಸಾಮಾನು ತಂದುಕೊಡುತ್ತಿದ್ದವನು ನಿಲ್ಲಿಸಿದ. ಗ್ಯಾಸ್ ಸಿಲಿಂಡರ್ ಕೆಳಗಿನ ಬಾಗಿಲಲ್ಲೇ ನಾಲ್ಕು ದಿನ ನಿಂತಿತ್ತು. ಕೊನೆಗೆ ಬೇರೆಯವರಿಂದ ಹೊರಿಸಬೇಕಾಯಿತು.

ವೈರಕ್ಕ ಎಲ್ಲವನ್ನೂ ನಿಂತೇ ಕೇಳಿದಳು. ತಾನು ಡಬ್ಬಿಯ ಮುಂದೆ ಕೂತು ಹೇಳಿದ ಮಾತು ಈ ಮನೆಯೊಳಗೆ ಎಷ್ಟು ದೂರ ನಡೆದುಬಂದಿದೆ ಎನ್ನುವುದು ಅವಳಿಗೆ ಕಂಡಿತು. ಆದರೂ ಆಗ ಅವಳು ಹೇಳಿಕೊಂಡದ್ದು ಇಷ್ಟೇ. ಆಫ್ ಮಾಡಿದವನು ಅವನೇ ಆಗಿದ್ದರೆ ನನ್ನದೇನು ತಪ್ಪು?

ಎರಡೂಮುಕ್ಕಾಲಿಗೆ ಅವಳು ಕೆಳಗಿಳಿದು ಬಾಗಿಲು ತಟ್ಟಿದಳು.

ತಮ್ಮನ ಹೆಂಡತಿ ಬಾಗಿಲನ್ನು ಅರ್ಧ ಮಾತ್ರ ತೆರೆದು ಅವಳ ಚೀಲವನ್ನೂ ಮುಖವನ್ನೂ ನೋಡಿದಳು. "ಬನ್ನಿ ಬನ್ನಿ. ತನಿಖೆಗೆ ತಾನೇ ಬಂದಿರೋದು? ಚಪ್ಪಲಿ ಹೊರಗೆ ಬಿಡಿ."

ತಮ್ಮ ಆಗಷ್ಟೇ ಬಂದಿದ್ದ. ಯೂನಿಫಾರ್ಮ್ ಅಂಗಿಯ ಗುಂಡಿ ಬಿಚ್ಚಿಕೊಂಡು ತಟ್ಟೆಯ ಮುಂದೆ ಕೂತಿದ್ದ. ದಪ್ಪ ಕತ್ತಿನ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ತಲೆ ಎತ್ತದೆ ಎಡಗೈಯಲ್ಲಿ ಹಾಲ್‌ನ ಮೂಲೆ ತೋರಿಸಿದ.

ಗೋಡೆಯ ಸಣ್ಣ ಹಲಗೆಯ ಮೇಲೆ ಲೈನಿನ ಪೆಟ್ಟಿಗೆಯಿತ್ತು. ಗೋಡೆಯಲ್ಲಿದ್ದ ಅದರ ಸ್ವಿಚ್ಚಿನ ಮೇಲೆ ಅಗಲವಾದ ಬಿಳಿ ಟೇಪು ಅಂಟಿಸಿ, ಟೇಪಿನಿಂದ ಗೋಡೆಗೆ ದಾಟುವಂತೆ ಪೆನ್ನಿನಲ್ಲಿ ಸಹಿ ಹಾಕಲಾಗಿತ್ತು. ಕೆಳಗೆ ತಾರೀಕು.

"ಟೇಪು ಕಿತ್ತರೆ ಸಹಿ ಹರಿಯುತ್ತೆ" ಎಂದ ತಮ್ಮ ಊಟದ ನಡುವೆ. "ಮೂರು ವಾರ ಆಯ್ತು ಅಂಟಿಸಿ. ನನ್ನ ಮನೇಲಿ ನಾನೇ ಕಳ್ಳನ ಹಾಗೆ ಸೀಲು ಹಾಕ್ಕೊಂಡು ಬದುಕ್ತಿದೀನಿ. ಚೆನ್ನಾಗಿ ನೋಡ್ಕೊಳ್ಳಿ. ಬೇಕಾದ್ರೆ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ."

ವೈರಕ್ಕ ನೋಡಿದಳು. ಟೇಪಿನ ಅಂಚಿನಲ್ಲಿ ಧೂಳು ಕೂತಿತ್ತು. ಸಹಿಯ ಗೆರೆ ಎಲ್ಲೂ ಮುರಿದಿರಲಿಲ್ಲ.

"ಇದನ್ನ ನಿಮ್ಮ ಅಕ್ಕ ನೋಡಿದಾರಾ?"

"ಇವರೇ ಕರೆದ್ರು. ಆ ಟೇಪಿನಂಥ ಟೇಪು ಅಂಗಡೀಲಿ ಇನ್ನೂ ಸಿಗುತ್ತೆ, ದಿನಾ ಹೊಸದು ಹಾಕ್ತೀಯ ಅಂದ್ರು" ಎಂದಳು ಹೆಂಡತಿ. "ಈ ಸೋಮವಾರ ಇವರಿಗೆ ರಜಾ ಇತ್ತು. ಬೆಳಗಿಂದ ಸಂಜೆ ತನಕ ಇಲ್ಲೇ ಬಿದ್ಕೊಂಡಿದ್ರು. ಅವತ್ತು ಯಾಕೆ ಹೋಗಲಿಲ್ಲ ಲೈನು? ಕೇಳಿ ನಿಮ್ಮ ಮೇಡಂನ. ಇಡೀ ದಿನ ಮನೇಲಿದ್ದವರು ಅವತ್ತೊಂದು ದಿನ ಯಾಕೆ ಬಿಟ್ರು?"

ವೈರಕ್ಕ ಹಲಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಅದರಲ್ಲಿ ಕೂತು ಪೆಟ್ಟಿಗೆಯ ದೀಪಗಳ ಮೇಲೆ ಕಣ್ಣಿಟ್ಟಳು. ತಮ್ಮ ಕೈ ತೊಳೆದುಕೊಂಡು ಬಂದು ಎದುರಿನ ಗೋಡೆಗೆ ಒರಗಿ ತೋಳು ಕಟ್ಟಿ ನಿಂತ. ಹೆಂಡತಿ ಫೋನಿನಲ್ಲಿ ಯಾವುದೋ ಧಾರಾವಾಹಿ ಹಚ್ಚಿ ಬೇಕೆಂದೇ ದನಿ ಏರಿಸಿದಳು. ಮೂರು ಗಂಟೆಯಾಯಿತು. ಮೂರೂ ಐದಾಯಿತು. ಮೂರು ಏಳಕ್ಕೆ ಮೇಲಿನ ಕೋಣೆಯ ನೆಲಕ್ಕೆ ಊರುಗೋಲು ಕುಟ್ಟಿದ ಸದ್ದು, ಹಿಂದೆಯೇ ಮೇಡಂ ದನಿ. "ಹೋಯ್ತು. ಈಗ ನೋಡಿ ಬೇಕಾದ್ರೆ, ಹೋಯ್ತು."

ಪೆಟ್ಟಿಗೆಯ ನಾಲ್ಕೂ ದೀಪ ಹಸಿರಾಗಿ ಉರಿಯುತ್ತಲೇ ಇದ್ದವು. ಯಾರೂ ಹತ್ತಿರ ಬಂದಿರಲಿಲ್ಲ. ಹೆಂಡತಿಯ ಕೈಯಲ್ಲಿ ಧಾರಾವಾಹಿ ಒಂದು ಕ್ಷಣವೂ ತಡವರಿಸದೆ ಓಡುತ್ತಿತ್ತು.

"ನಿಮ್ಮ ಫೋನು ಇದೇ ಲೈನಲ್ಲಿದೆಯಾ?"

"ಇನ್ಯಾವ ಲೈನಲ್ಲಿರುತ್ತೆ?"

ವೈರಕ್ಕ ಎದ್ದಳು. ಅವಳು ಬಾಗಿಲು ದಾಟುವಾಗ ತಮ್ಮ ಹಿಂದಿನಿಂದ ಹೇಳಿದ. "ಕಣ್ಣಾರೆ ನೋಡಿದೀರಿ. ಮೇಲೆ ಹೋಗಿ ನೋಡಿದ್ದನ್ನೇ ಹೇಳಿ."

ಮೇಲೆ ಪರದೆ ಕಪ್ಪಾಗಿತ್ತು. ಅವಳು ಮೇಡಂ ಕುರ್ಚಿಯಲ್ಲಿ ತಾನೇ ಕೂತು, ಲ್ಯಾಪ್‌ಟಾಪಿನಿಂದ ಕಚೇರಿಯ ತನಕದ ದಾರಿಯ ಒಂದೊಂದೇ ಯಂತ್ರಕ್ಕೆ ಪರೀಕ್ಷೆಯ ಸಂದೇಶದ ಕೂಗು ಹಾಕಿ ಓಗೊಡುತ್ತದೆಯೇ ಎಂದು ನೋಡುತ್ತ ಹೋದಳು. ಕೆಳಗಿನ ಪೆಟ್ಟಿಗೆ ಓಗೊಟ್ಟಿತು. ಹೊರಗಿನ ಲೈನು ಓಗೊಟ್ಟಿತು. ಕಚೇರಿಯ ಹೆಬ್ಬಾಗಿಲ ಯಂತ್ರವೂ ಓಗೊಟ್ಟಿತು. ಉಳಿದದ್ದು ಮೇಡಂ ಮೇಜಿನ ಮೇಲಿನ ಕಂಪ್ಯೂಟರು. ಕಚೇರಿಯ ನೆಟ್‌ವರ್ಕಿನಲ್ಲಿ ಅದರ ವಿಳಾಸದ ನಂಬರು ನೂರಾ ನಲವತ್ತೇಳು. ದೂರದಿಂದ ಹುಡುಕಲು ಸುಲಭವಾಗಲೆಂದು ಹೋದ ವರ್ಷ ವೈರಕ್ಕನೇ ಕೈಯಾರೆ ಕೊಟ್ಟ ನಂಬರು. ಅದು ಸತ್ತಿರುತ್ತದೆ ಎಂದುಕೊಂಡೇ ಕೂಗು ಹಾಕಿದಳು. ಅದೂ ಓಗೊಟ್ಟಿತು.

ಓಗೊಡುವ ಕಂಪ್ಯೂಟರು ಪರದೆ ಯಾಕೆ ಕೊಡುವುದಿಲ್ಲ? ಏನೋ ಹೊಳೆದಂತಾಗಿ ಅವಳು ಅದೇ ನಂಬರನ್ನು ಬ್ರೌಸರಿನಲ್ಲಿ ಹೊಡೆದಳು. ಒಂದು ಪುಟ ಬಿಚ್ಚಿಕೊಂಡಿತು. ಎಡಗಡೆ ದೊಡ್ಡ ಪ್ರಿಂಟರಿನ ಚಿತ್ರ, ಅದರ ಕೆಳಗೆ ಕೆಂಪು ಅಕ್ಷರ. ಎರಡನೇ ಸುರುಳಿ ಖಾಲಿಯಾಗಿದೆ, ಕಾಗದ ತುಂಬಿಸಿ.

ವೈರಕ್ಕ ಆ ಸಾಲನ್ನು ಎರಡು ಸಲ ಓದಿದಳು.

ನಕ್ಷೆ ಮುದ್ರಿಸುವ ಹೊಸ ಪ್ರಿಂಟರು ಬಂದು ಮೂರು ವಾರವಾಗಿತ್ತು. ಅದನ್ನು ನೆಟ್‌ವರ್ಕಿಗೆ ಸೇರಿಸಿದವಳು ಅವಳೇ. ಖಾಲಿ ನಂಬರು ಯಾವುದೆಂದು ಪಟ್ಟಿ ನೋಡಿದಾಗ ನೂರಾ ನಲವತ್ತೇಳರ ಎದುರು ಏನೂ ಇರಲಿಲ್ಲ. ಹೋದ ವರ್ಷ ಮೇಡಂ ಕಂಪ್ಯೂಟರಿಗೆ ಅದನ್ನು ಕೊಟ್ಟಾಗ ಪಟ್ಟಿಯಲ್ಲಿ ಬರೆಯಲು ಮರೆತವಳೂ ಅವಳೇ. ಆಪರೇಟರ್ ಬೆಳಗ್ಗೆಯೆಲ್ಲ ಹಳೆಯ ಸಣ್ಣ ಯಂತ್ರದಲ್ಲಿ ಕೆಲಸ ಮಾಡಿ, ಊಟ ಮುಗಿಸಿ ಚಹಾ ಕುಡಿದು ಮೂರಕ್ಕೆ ದೊಡ್ಡದನ್ನು ಚಾಲೂ ಮಾಡುತ್ತಿದ್ದ. ಅದು ಎದ್ದ ಕೂಡಲೇ ಒಂದೇ ನಂಬರಿಗೆ ಇಬ್ಬರು ಹಕ್ಕುದಾರರು. ಪ್ರಿಂಟರಿನ ಕೂಗು ಜೋರಾದಾಗ ಮೇಡಂ ಕಂಪ್ಯೂಟರು ಕಾಣೆಯಾಗುತ್ತಿತ್ತು. ಕೆಲಸ ಮುಗಿಸಿ ಪ್ರಿಂಟರ್ ಆಫ್ ಮಾಡಿದರೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಸೋಮವಾರ ಆಪರೇಟರ್ ರಜೆಯಲ್ಲಿದ್ದ. ಮೊದಲ ಫೋನು ಬಂದ ದಿನ ಐದು ನಿಮಿಷ ಕೂತು ಇದೇ ಕೂಗು ಹಾಕಿ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು.

"ಏನದು ಚಿತ್ರ?" ಎಂದರು ಮೇಡಂ.

"ಏನಿಲ್ಲ. ಒಂದು ಫೋನ್ ಮಾಡಿ ಬರ್ತೀನಿ."

ಅವಳು ಪುಟ ಮುಚ್ಚಿ ಬಾಲ್ಕನಿಗೆ ಹೋಗಿ ಆಪರೇಟರಿಗೆ ಫೋನು ಹಚ್ಚಿದಳು. "ಆ ದೊಡ್ಡ ಪ್ರಿಂಟರು ಆಫ್ ಮಾಡು."

"ಅರ್ಧ ನಕ್ಷೆ ಹೊರಗೆ ಬಂದಿದೆ ವೈರಕ್ಕ, ಈಗ ಆಫ್ ಮಾಡಿದ್ರೆ ಕಾಗದ ಹಾಳು."

"ಹಾಳಾಗ್ಲಿ. ಆಫ್ ಮಾಡು ಅಂದ್ರೆ ಮಾಡು. ನಾನು ಬಂದು ನಂಬರು ಬದಲಾಯಿಸೋ ತನಕ ಅದನ್ನ ಮುಟ್ಟಬೇಡ."

ಒಳಗೆ ಬರುವಷ್ಟರಲ್ಲಿ ಪರದೆ ಬೆಳಗಿತ್ತು. ನಕ್ಷೆಯ ಗೆರೆಗಳು ನಿಂತಲ್ಲೇ ನಿಂತಿದ್ದವು. ಮೇಡಂ ಅನುಮಾನದಿಂದ ಮೌಸ್ ಆಡಿಸಿ ನೋಡಿದರು.

"ಸರಿಯಾಯ್ತು. ಇನ್ನು ಹೋಗಲ್ಲ" ಎಂದು ವೈರಕ್ಕ ಚೀಲದ ಜಿಪ್ಪು ಎಳೆದಳು.

"ಏನಾಗಿತ್ತು?"

"ಒಂದು ಸೆಟ್ಟಿಂಗು."

"ಎಲ್ಲಿ, ಕೆಳಗಾ?"

ವೈರಕ್ಕ ಜಿಪ್ಪಿನ ಕಡೆ ನೋಡುತ್ತಲೇ "ಹೂಂ" ಎಂದಳು. ಆ 'ಹೂಂ'ಗೆ ಹೌದು ಎಂಬ ಅರ್ಥ ಬರಲೇಬೇಕೆಂದಿರಲಿಲ್ಲ ಎಂದು ಆಮೇಲೆ ಎಷ್ಟೋ ದಿನ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಆದರೆ ಆ ಹೊತ್ತಿನಲ್ಲಿ ಅವಳು ಬಯಸಿದ್ದು ಅದೇ ಅರ್ಥ ಬರಲಿ ಎಂದೇ. ಕೆಳಗಿಳಿದು ಬಸ್ಸು ಹಿಡಿಯುವುದು, ಎರಡು ಸಾಲು ಬರೆದುಕೊಡುವುದು, ಪ್ರಿಂಟರಿನ ನಂಬರು ಬದಲಾಯಿಸುವುದು. ಅಲ್ಲಿಗೆ ಮುಗಿಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೇಡಂ ಆಗಲೇ ಊರುಗೋಲು ಊರಿಕೊಂಡು ಮೆಟ್ಟಿಲ ತುದಿಗೆ ಹೋಗಿದ್ದರು. "ಕೇಳಿಸ್ಕೊಂಡ್ಯೇನೋ?" ಎಂದು ಕೂಗಿದರು. "ಕೆಳಗೇ ಏನೋ ಮಾಡಿಟ್ಟಿದ್ದೆ ಅಂತ ಆಫೀಸಿನವರೇ ಹಿಡಿದಿದಾರೆ. ಟೇಪು ಅಂಟಿಸಿ ನಾಟಕ ಆಡ್ತೀಯ? ಅಮ್ಮನ ಹೊಟ್ಟೇಲಿ ಹುಟ್ಟಿ ಇಂಥ ಬುದ್ಧಿ ಎಲ್ಲಿಂದ ಬಂತೋ ನಿನಗೆ?"

ಕೆಳಗಿನ ಬಾಗಿಲು ಗೋಡೆಗೆ ಬಡಿದ ಸದ್ದಾಯಿತು. ತಮ್ಮ ಒಂದೇ ಓಟಕ್ಕೆ ಮೇಲೆ ಬಂದ. ಹಿಂದೆ ಹೆಂಡತಿ. ಅವನು ಅಕ್ಕನ ಕಡೆ ನೋಡಲೇ ಇಲ್ಲ. ಕೋಣೆಯ ಬಾಗಿಲಲ್ಲಿ ನಿಂತು ವೈರಕ್ಕನತ್ತ ಬೆರಳು ಮಾಡಿದ.

"ನೀವು ಇಪ್ಪತ್ತು ನಿಮಿಷ ನನ್ನ ಮನೇಲಿ ಕೂತಿದ್ರಿ. ನಾನು ಏನು ಮುಟ್ಟಿದೆ? ಹೇಳಿ ಇವರಿಗೆ. ನನ್ನ ಮುಖ ನೋಡಿ ಹೇಳಿ."

ಮೂವರೂ ಅವಳನ್ನೇ ನೋಡುತ್ತಿದ್ದರು. ವೈರಕ್ಕ ಚೀಲವನ್ನು ಕೆಳಗಿಟ್ಟಳು.

"ಇವರು ಏನೂ ಮುಟ್ಟಿಲ್ಲ" ಎಂದಳು. "ಮೂರು ವಾರದಿಂದ ಯಾರೂ ಏನೂ ಮುಟ್ಟಿಲ್ಲ. ಕೆಳಗೆ ದೋಷಾನೇ ಇಲ್ಲ. ದೋಷ ಆಫೀಸಿಂದು. ನಿಮ್ಮ ಕಂಪ್ಯೂಟರಿಗೂ ಹೊಸ ಪ್ರಿಂಟರಿಗೂ ನಾನು ಒಂದೇ ನಂಬರು ಕೊಟ್ಟುಬಿಟ್ಟಿದ್ದೆ. ಒಂದೇ ನಂಬರು ಎರಡು ಫೋನಿಗೆ ಇದ್ರೆ ಏನಾಗುತ್ತೋ ಹಾಗೇ. ಮೂರು ಗಂಟೆಗೆ ಅಲ್ಲಿ ಪ್ರಿಂಟರ್ ಆನ್ ಮಾಡ್ತಾರೆ, ಇಲ್ಲಿ ನಿಮ್ಮದು ಹೋಗುತ್ತೆ."

ಮೊದಲು ಬಾಯಿ ಬಿಟ್ಟವಳು ಹೆಂಡತಿ. "ಹಾಗಾದ್ರೆ ಇವರು ಆಫ್ ಮಾಡ್ತಾರೆ ಅಂತ ಫೋನಲ್ಲಿ ಹೇಳಿದ್ದು?"

"ನೋಡದೆ ಹೇಳಿದೆ."

"ನೋಡದೆ" ಎಂದಳು ಅವಳು. "ನಮ್ಮನ್ನ ನೀವು ಕಂಡಿದ್ರಾ? ನಮ್ಮ ಮನೆ ಕಂಡಿದ್ರಾ? ಕೂತಲ್ಲಿಂದ ಕಡ್ಡಿ ಗೀರಿ ಎಸೆದು, ಊಟ ಮಾಡಿ ಕೈ ತೊಳ್ಕೊಂಡ್ರಿ ಅಲ್ವಾ?"

"ಸುಳ್ಳು" ಎಂದರು ಮೇಡಂ. ಎಲ್ಲರೂ ಅವರತ್ತ ತಿರುಗಿದರು. ಅವರ ಮುಖ ಬಿಳಿಚಿತ್ತು. "ಈಗ ತಾನೇ ಕೆಳಗೆ ಅಂದ್ರಿ. ಇವನು ಬಂದು ಕಣ್ಣು ಕೆಂಪು ಮಾಡಿದ ಕೂಡಲೇ ಮಾತು ತಿರುಗಿಸ್ತೀರಿ. ಕೆಳಗೆ ಕೂತಿದ್ದಾಗ ಏನು ಹೇಳಿಕೊಟ್ಟ ಇವನು?"

"ನಾನು ಹೂಂ ಅಂದಿದ್ದೂ ಸುಳ್ಳೇ ಮೇಡಂ. ನನ್ನ ತಪ್ಪು ಮುಚ್ಚಿಟ್ಕೊಳ್ಳೋಕೆ ಅಂದೆ."

"ನನಗೆ ಲೆಕ್ಚರ್ ಬೇಡ. ಮೂರು ವಾರ ಇವನು ಮೇಲೆ ಬರಲಿಲ್ಲ. ಸಿಲಿಂಡರ್ ಬಾಗಿಲಲ್ಲಿ ನಿಲ್ಲಿಸಿ ಮಜಾ ನೋಡಿದ. ಅದನ್ನೂ ಪ್ರಿಂಟರೇ ಮಾಡ್ತಾ?"

ತಮ್ಮ ಆಗ ಮೊದಲ ಸಲ ಅಕ್ಕನತ್ತ ನೋಡಿದ. ಅವನ ಸಿಟ್ಟೆಲ್ಲ ಎಲ್ಲೋ ಇಳಿದುಹೋಗಿ, ಅದರ ಜಾಗದಲ್ಲಿ ಅದಕ್ಕಿಂತ ಗಟ್ಟಿಯಾದದ್ದೊಂದು ಬಂದಿತ್ತು.

"ಅಮ್ಮ ಹಾಸಿಗೆ ಹಿಡಿದಾಗ ನಾನು ದಿನಕ್ಕೆ ಎರಡು ಪಾಳಿ ಓಡಿಸ್ತಿದ್ದೆ ಅಕ್ಕ" ಎಂದ ಮೆಲ್ಲಗೆ. "ಅದು ನಿನಗೆ ಗೊತ್ತು. ಅಮ್ಮನ ಔಷಧಿ ಖರ್ಚಿಗೆ ಅನ್ನೋದೂ ಗೊತ್ತು. ಸಾಯೋ ಹೊತ್ತಲ್ಲಿ ನಾನು ಐವತ್ತು ಜನರನ್ನ ಕೂರಿಸ್ಕೊಂಡು ರಸ್ತೆ ಮೇಲಿದ್ದೆ. ಆ ಮಾತನ್ನ ನೀನು ಅಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದೆ? ಒಂದು ಲೈನು ಹೋಗಿದ್ದಕ್ಕೆ ಹೊರಗೆ ಬಂತಲ್ಲ." ಆಮೇಲೆ ವೈರಕ್ಕನತ್ತ ತಿರುಗಿದ. "ನಿಮ್ಮ ನಂಬರು ನೀವು ಬದಲಾಯಿಸ್ಕೊಳ್ತೀರಿ. ಅವರು ಅಂದಿದ್ದನ್ನ, ಇವಳು ಅಂದಿದ್ದನ್ನ ಯಾವ ನಂಬರು ಹಾಕಿ ಸರಿಮಾಡ್ತೀರಿ?"

"ನನ್ನನ್ನ ಬಂಜೆ ಅನ್ನೋ ಅರ್ಥದಲ್ಲಿ ಅಂದಿದ್ದು ಇವಳು" ಎಂದರು ಮೇಡಂ.

"ಅಂದೆ" ಎಂದಳು ಹೆಂಡತಿ. "ನೀವು ನನ್ನ ಗಂಡನ್ನ ಬೀದೀಲಿ ಕಳ್ಳ ಅಂದ್ರಿ, ನಾನೂ ಅಂದೆ ಅತ್ತಿಗೆ. ವಾಪಸ್ ತಗೊಳ್ಳಲ್ಲ."

ವೈರಕ್ಕ ಏನೋ ಹೇಳಲು ಹೋದಳು. "ನೀವು ಹೊರಡಿ" ಎಂದರು ಮೇಡಂ. ಹೆಂಡತಿಯೂ ಅದೇ ಹೊತ್ತಿಗೆ ಅದನ್ನೇ ಹೇಳಿದಳು. ಮೂರು ವಾರದಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ ಇರಬೇಕು. ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಗೇಟು ದಾಟಿ ರಸ್ತೆಯ ತಿರುವಿಗೆ ಬಂದರೂ ಮೂರೂ ದನಿಗಳು ಒಂದರ ಮೇಲೊಂದು ಬಿದ್ದು ಕೇಳಿಸುತ್ತಿದ್ದವು.

ಕಚೇರಿಗೆ ಬಂದು ಮೊದಲು ಪ್ರಿಂಟರಿನ ನಂಬರು ಬದಲಾಯಿಸಿದಳು. ಎರಡು ನಿಮಿಷದ ಕೆಲಸ. ಆಮೇಲೆ ಕೂತು ವರದಿ ಬರೆದಳು. ಎರಡು ಸಾಲಲ್ಲ, ಒಂದು ಪುಟ. ದೋಷ ಯಾರದು, ಮೊದಲ ದಿನವೇ ಯಾವ ಪರೀಕ್ಷೆ ಮಾಡಬೇಕಿತ್ತು, ಯಾಕೆ ಮಾಡಲಿಲ್ಲ, ಎಲ್ಲವನ್ನೂ ಬರೆದು ಸಹಿ ಹಾಕಿದಳು. ಮ್ಯಾನೇಜರ್ ಓದುತ್ತ ಹೋದಂತೆ ಅವನ ಮುಖ ಗಂಟಿಕ್ಕಿತು.

"ನಿನಗೇನು ತಲೆ ಕೆಟ್ಟಿದೆಯಾ? ಮನೆ ಕಡೇದು ಅಂತ ಬರಿ ಅಂದಿದ್ದೆ."

"ಮನೆ ಕಡೇದಲ್ಲ."

"ಇದನ್ನ ಮೇಲಿನವರು ಓದಿದ್ರೆ ನಿನ್ನ ಗತಿ ಏನು ಗೊತ್ತಾ?"

"ಗೊತ್ತು. ಒಂದು ಪ್ರತಿ ಮೇಲಿನವರಿಗೂ ಕಳಿಸಿದೀನಿ."

ಅವನು ಕೆಲವು ಕ್ಷಣ ಅವಳನ್ನು ದುರುಗುಟ್ಟಿ ನೋಡಿದ. ಆ ಕಾಗದ ಮೇಲೆ ಹೋದ ಮೇಲೆ ಮೇಡಂ ಅವರನ್ನು ಕಚೇರಿಗೆ ಎಳೆತರಲು ಅವನಿಗೆ ನೆಪ ಉಳಿಯಲಿಲ್ಲ. ಆ ಹೊಟ್ಟೆಯುರಿಯನ್ನೆಲ್ಲ ಅವನು ವೈರಕ್ಕನ ಮೇಲೆ ತೀರಿಸಿಕೊಂಡ. ಎಚ್ಚರಿಕೆ ಪತ್ರ ಬಂತು. ಆ ವರ್ಷ ಸಿಗಬೇಕಿದ್ದ ಬಡ್ತಿ ಅವಳಿಗಿಂತ ನಾಲ್ಕು ವರ್ಷ ಕಿರಿಯನಿಗೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಮೇಡಂ ಕಡೆಯಿಂದಲೂ ಮೂರು ಪುಟದ ದೂರು ಬಂತು. ಬೇಜವಾಬ್ದಾರಿ, ಎದುರಾಡುವಿಕೆ, ಕುಟುಂಬ ಒಡೆಯುವ ಮಾತು ಎಂದು ಒಂದೊಂದಾಗಿ ಬರೆದಿದ್ದರು. ಓದಿದ ವೈರಕ್ಕನಿಗೆ ಅದರಲ್ಲಿ ಅಳಿಸಬೇಕಾದ ಒಂದು ಪದವೂ ಕಾಣಲಿಲ್ಲ. ಆದರೂ ಮೈ ಉರಿಯಿತು. ತನ್ನ ವರದಿಯಿಂದಲೇ ಆ ಹೆಂಗಸಿನ ಕೆಲಸ ಉಳಿದಿದೆ, ಅದರ ಬಗ್ಗೆ ಮೂರು ಪುಟದಲ್ಲಿ ಒಂದು ಸಾಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಫೋನ್ ಬಂತು.

"ಪಾಸ್‌ವರ್ಡು ತಗೋತಿಲ್ಲ" ಎಂದಿತು ದನಿ. ಆಮೇಲೆ ತಡೆದು, "ನೀವಾ? ಬೇರೆ ಯಾರಾದ್ರೂ ಇದ್ರೆ ಕೊಡಿ."

"ಬೇರೆ ಯಾರೂ ಇಲ್ಲ ಮೇಡಂ. ಅವಧಿ ಮುಗಿದಿರುತ್ತೆ. ಹೊಸದು ಮಾಡ್ಕೊಡ್ತೀನಿ, ಪರದೇಲಿ ಏನು ಕಾಣ್ತಿದೆ ಹೇಳಿ."

ಮೇಡಂ ಹೇಳಿದರು. ವೈರಕ್ಕ ಒಂದೊಂದೇ ಹೆಜ್ಜೆ ಹೇಳಿಕೊಟ್ಟಳು. ಹಳೆಯದು ಹೊಡೆಯಿರಿ, ಹೊಡೆದೆ. ಹೊಸದು ಎರಡು ಸಲ ಹೊಡೆಯಿರಿ, ಹೊಡೆದೆ. ನಾಲ್ಕು ನಿಮಿಷಕ್ಕೆ ಕೆಲಸ ಮುಗಿಯಿತು. ಆದರೆ ಮೇಡಂ ಫೋನ್ ಇಡಲಿಲ್ಲ.

"ಅವರು ಮನೆ ಬಿಟ್ಟು ಹೋದ್ರು" ಎಂದರು. "ಹೋದ ವಾರ. ಡಿಪೋ ಹತ್ರ ಬಾಡಿಗೆಗೆ ಹಿಡಿದಿದಾರಂತೆ. ಪಕ್ಕದ ಮನೆಯವರು ಹೇಳಿದ್ರು. ನನಗೆ ಹೇಳಲಿಲ್ಲ."

ವೈರಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು. "ತಪ್ಪು ನಂದು ಮೇಡಂ. ನಾನು ಅವತ್ತು ಹಾಗೆ ಹೇಳಬಾರದಿತ್ತು."

"ಅದು ಗೊತ್ತಿರೋದೇ. ನಿಮ್ಮ ತಪ್ಪೊಂದೇ ಆಗಿದ್ರೆ ಇಷ್ಟಾಗ್ತಿರಲಿಲ್ಲ, ಅದೂ ಗೊತ್ತು." ದನಿಯಲ್ಲಿ ಮೊದಲಿನ ಕಹಿ ಹಾಗೇ ಇತ್ತು. "ಅದಕ್ಕೆ ನಿಮ್ಮ ಮೇಲಿನ ದೂರು ವಾಪಸ್ ತಗೋತೀನಿ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ."

"ಸರಿ. ಪರದೆ ಬಂತು" ಎಂದು ಮೇಡಂ ಫೋನ್ ಇಟ್ಟರು.